ರೂಢಿ ಚಟವಾಗುವುದೆಲ್ಲಿ?

ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ನದಿಯು ಅರಬೀ ಸಮುದ್ರವನ್ನು ಕೂಡುವೆಡೆ, ಉತ್ತರ ದಡದ ಮೇಲೆ ತದಡಿ ಎಂಬ ಬಂದರು ಇದೆ. ಎದುರು ದಡದಲ್ಲಿರುವುದು ನದಿಯ ಹೆಸರನ್ನೇ ಹೊತ್ತ ಅಘನಾಶಿನಿ ಗ್ರಾಮ. ಎರಡು ದಡಗಳ ನಡುವೆ ತಾರಿಯ ದೋಣಿ ಓಡಾಡುತ್ತದೆ. ಒಂದು ಮುಂಜಾನೆ ಆ ದೋಣಿಯ ದಾರಿ ಕಾಯುತ್ತ ನಾವು ಧಕ್ಕೆಯ ಮೇಲೆ ಕುಳಿತಿದ್ದೆವು.

ಕಾಯುವವರಿಗೆ ನೋಡುವುದೇ ಕೆಲಸ. ಪಕ್ಕದ ಚಾ ಅಂಗಡಿಯ ಮುಂದೆ ನಾಲ್ವರು ಮೀನುಗಾರರು ಗಾಜಿನ ಲೋಟಗಳನ್ನು ಹಿಡಿದು ನಿಂತಿದ್ದರು. ಬಲೆಯ ರಾಶಿಗೆ ಒರಗಿ ಕುಳಿತಿದ್ದ ವೃದ್ಧರೊಬ್ಬರು ಸಂಚಿಯಿಂದ ವೀಳ್ಯದೆಲೆಯನ್ನು ತೆಗೆದು, ತೊಡೆಗೆ ಒರಸಿ, ಬೆರಳ ತುದಿಯಿಂದ ಸುಣ್ಣ ಸವರುತ್ತಿದ್ದರು. ಹುಡುಗನೊಬ್ಬನು ನೀರಿಗೆ ಗಾಳವನ್ನು ಎಸೆದು ದಾರವನ್ನೇ ದಿಟ್ಟಿಸುತ್ತಿದ್ದನು. ಕಾಲೇಜಿಗೆ ಹೊರಟಿದ್ದ ತರುಣನೊಬ್ಬನು ಮೊಬೈಲನ್ನು ಜೇಬಿಗೆ ಇಳಿಸಿ, ನಿಮಿಷ ತುಂಬುವ ಮೊದಲೇ ಮತ್ತೆ ಹೊರಗೆ ತೆಗೆದನು. ನಮ್ಮ ಕೈಯಲ್ಲಿದ್ದುದು ಆ ಬೆಳಗಿನ ಎರಡನೆಯ ಲೋಟ ಚಹವೆಂಬುದನ್ನೂ ಒಪ್ಪಿಕೊಳ್ಳಬೇಕು.

ವೃದ್ಧರು ಸಂಚಿಯನ್ನು ನಮ್ಮ ಕಡೆಗೆ ಚಾಚಿ, "ಕವಳ ಹಾಕ್ತ್ರಾ?" ಎಂದರು. ನಾವು ಕೈಮುಗಿದು ಬೇಡವೆಂದೆವು. ಅವರು ನಕ್ಕು, "ಇದು ಚಟ ಅಲ್ಲ, ರೂಢಿ ಅಷ್ಟೆ" ಎಂದರು.

ಚಹದ ಲೋಟ ಹಿಡಿದವರನ್ನು ಕೇಳಿದರೂ, ಮೊಬೈಲು ಹಿಡಿದವನನ್ನು ಕೇಳಿದರೂ ಇದೇ ಉತ್ತರ ಬರುತ್ತಿತ್ತು. ನಮ್ಮನ್ನು ಕೇಳಿದ್ದರೆ ನಾವೂ ಹಾಗೆಯೇ ಹೇಳುತ್ತಿದ್ದೆವು. ಆದರೆ ರೂಢಿ ಎಲ್ಲಿ ಮುಗಿಯುತ್ತದೆ, ಚಟ ಎಲ್ಲಿ ಮೊದಲಾಗುತ್ತದೆ? ನಿತ್ಯದ ಈ ಸಣ್ಣ ಸಣ್ಣ ಅಭ್ಯಾಸಗಳನ್ನು ಸೌಮ್ಯ ರೂಪದ ಚಟಗಳೆಂದು ಎಣಿಸಬೇಕೆ? ತಾರಿಯ ದೋಣಿ ಬಂದರೂ ಈ ಪ್ರಶ್ನೆ ನಮ್ಮನ್ನು ಬಿಡಲಿಲ್ಲ.

ಹೆಸರುಗಳ ಕಥೆ

ಈ ವಿಷಯದಲ್ಲಿ ನಮ್ಮ ಭಾಷೆಗೆ ಪದಗಳ ಬಡತನವಿಲ್ಲ. ರೂಢಿ, ಅಭ್ಯಾಸ, ಚಾಳಿ, ಚಟ, ಗೀಳು, ವ್ಯಸನ ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತ ಹೋಗಬಹುದು. ಪ್ರಾಚೀನರು ರಾಜರಿಗೆ ಸಪ್ತವ್ಯಸನಗಳ ವಿಷಯದಲ್ಲಿ ಎಚ್ಚರಿಕೆ ಹೇಳುತ್ತಿದ್ದರು. ಆ ಏಳರಲ್ಲಿ ಹೊಟ್ಟೆಗೆ ಸೇರುವ ವಸ್ತುವೆಂದರೆ ಮದ್ಯವೊಂದೇ. ಜೂಜು, ಬೇಟೆ ಮೊದಲಾದ ಉಳಿದವೆಲ್ಲ ವರ್ತನೆಗಳು. ಮನುಷ್ಯನನ್ನು ಹಿಡಿಯುವುದಕ್ಕೆ ಅಮಲಿನ ಪದಾರ್ಥವೇ ಬೇಕೆಂದಿಲ್ಲ ಎಂಬುದನ್ನು ಅವರು ಬಲ್ಲವರಾಗಿದ್ದರು. ಅಮೆರಿಕದ ಮನೋವೈದ್ಯರ ಸಂಘವು ತನ್ನ ರೋಗನಿರ್ಣಯ ಕೈಪಿಡಿಯಲ್ಲಿ ಜೂಜಿನ ಗೀಳನ್ನು ಮದ್ಯ, ಅಫೀಮುಗಳ ಜೊತೆ ಒಂದೇ ಅಧ್ಯಾಯದಲ್ಲಿ ಸೇರಿಸಿದ್ದು 2013ರಲ್ಲಿ.

ಆಧುನಿಕ ವೈದ್ಯಶಾಸ್ತ್ರವೂ ಗೆರೆಯೆಳೆಯಲು ಪ್ರಯತ್ನಿಸಿತು. 1957ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿಯು 'ವ್ಯಸನ' ಬೇರೆ, 'ರೂಢಿಬೀಳುವುದು' ಬೇರೆ ಎಂದು ವಿಂಗಡಿಸಿತು. ತಡೆಯಲಾರದ ಬಯಕೆ, ಪ್ರಮಾಣ ಏರುತ್ತ ಹೋಗುವುದು, ಬಿಟ್ಟರೆ ದೇಹಕ್ಕೆ ಬಾಧೆ, ವ್ಯಕ್ತಿಗೂ ಸಮಾಜಕ್ಕೂ ಕೇಡು, ಇವು ವ್ಯಸನದ ಲಕ್ಷಣಗಳು. ಬಯಕೆಯಿದ್ದರೂ ಬಲಾತ್ಕಾರವಿಲ್ಲ, ದೇಹಕ್ಕೆ ಬಾಧೆಯಿಲ್ಲ, ಕೇಡಿದ್ದರೆ ಅದು ಮುಖ್ಯವಾಗಿ ತನಗೇ, ಇದು ರೂಢಿ. ಕೇಳುವುದಕ್ಕೆ ಅಚ್ಚುಕಟ್ಟಾದ ಈ ವಿಭಾಗವು ಬಳಕೆಯಲ್ಲಿ ನಿಲ್ಲಲಿಲ್ಲ. 1964ರಲ್ಲಿ ಅದೇ ಸಂಸ್ಥೆಯು ಎರಡು ಪದಗಳನ್ನೂ ಕೈಬಿಟ್ಟು 'ಅವಲಂಬನೆ' ಎಂಬ ಒಂದೇ ಪದವನ್ನು ಸ್ವೀಕರಿಸಿತು.

ಅದೇ 1964ರಲ್ಲಿ ಅಮೆರಿಕದ ಸರ್ಜನ್ ಜನರಲ್ ಅವರ ಪ್ರಸಿದ್ಧ ವರದಿಯು ಧೂಮಪಾನದಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆಂದು ಸಾರಿತು. ಆದರೂ ತಂಬಾಕಿನ ಸೇವನೆಯನ್ನು ವ್ಯಸನವೆನ್ನದೆ ಬರಿಯ ರೂಢಿಯೆಂದೇ ಕರೆಯಿತು. ನಿಕೋಟಿನ್ ವ್ಯಸನಕಾರಿಯೆಂದು ಅದೇ ಪೀಠದ ವರದಿ ಸ್ಪಷ್ಟವಾಗಿ ಹೇಳಿದ್ದು 1988ರಲ್ಲಿ. ನಡುವಿನ 24 ವರ್ಷಗಳಲ್ಲಿ ತಂಬಾಕಿನ ಎಲೆಯೇನೂ ಬದಲಾಗಿರಲಿಲ್ಲ, ಹೆಸರು ಬದಲಾಯಿತು. ಆದುದರಿಂದ ಹೆಸರನ್ನು ನಂಬಿ ಕೂರುವುದಕ್ಕಿಂತ ಒಳಗೆ ನಡೆಯುವುದೇನೆಂದು ನೋಡುವುದು ಲೇಸು.

ಕೈ ಕಲಿತ ಕೆಲಸ

ಅಭ್ಯಾಸವು ಮೂಲತಃ ಮಿದುಳಿನ ಮಿತವ್ಯಯದ ಉಪಾಯ. ಬಲೆ ನೇಯುವವರ ಬೆರಳುಗಳನ್ನು ಗಮನಿಸಿರಿ. ಮಾತು ಒಂದು ಕಡೆ ಸಾಗುತ್ತಿರುತ್ತದೆ, ಗಂಟುಗಳು ತಮ್ಮಷ್ಟಕ್ಕೆ ತಾವೇ ಬೀಳುತ್ತಿರುತ್ತವೆ. ಮೊದಲು ಕಲಿಯುವಾಗ ಪ್ರತಿಯೊಂದು ಗಂಟಿಗೂ ಗಮನ ಬೇಕಾಗಿತ್ತು. ಸಾವಿರ ಸಲ ಮಾಡಿದ ಮೇಲೆ ಆ ಕಾರ್ಯವು ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯ ಎಂಬ ನರಕೋಶಗಳ ಗುಂಪುಗಳ ವಶವಾಯಿತು.

ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಆ್ಯನ್ ಗ್ರೇಬಿಯೆಲ್ ಅವರೂ ಸಹೋದ್ಯೋಗಿಗಳೂ ಇಲಿಗಳ ಮೇಲೆ ನಡೆಸಿ 2005ರಲ್ಲಿ ಪ್ರಕಟಿಸಿದ ಪ್ರಯೋಗವು ಇದನ್ನು ತೋರಿಸಿತು. ಕವಲುದಾರಿಯಲ್ಲಿ ಓಡಿ ತಿಂಡಿ ಪಡೆಯಲು ಕಲಿಯುವಾಗ ಇಲಿಯ ಆ ನರಕೋಶಗಳು ಓಟದ ಉದ್ದಕ್ಕೂ ಚುರುಕಾಗಿದ್ದವು. ರೂಢಿಯಾದ ಮೇಲೆ ಓಟದ ಆರಂಭದಲ್ಲಿಯೂ ಕೊನೆಯಲ್ಲಿಯೂ ಮಾತ್ರ ಮಿಡಿದವು. ನಡುವಿನದೆಲ್ಲ ಒಂದು ಗಂಟಾಗಿ ಕಟ್ಟಿಹೋಗಿತ್ತು. ತಿಂಡಿ ನಿಲ್ಲಿಸಿದಾಗ ಈ ವಿನ್ಯಾಸ ಮರೆಯಾಯಿತು. ತಿಂಡಿ ಮರಳಿದೊಡನೆ ವಿನ್ಯಾಸವೂ ಮರಳಿತು. ಹಳೆಯ ಅಭ್ಯಾಸವು ಅಳಿಯುವುದಿಲ್ಲ, ಮಲಗಿರುತ್ತದೆ ಎಂಬುದು ಇದರಿಂದ ವೇದ್ಯವಾಗುತ್ತದೆ. ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆಯನ್ನು ಕಲಿತ ಗುಣಕ್ಕೂ ಸ್ವಲ್ಪಮಟ್ಟಿಗೆ ಅನ್ವಯಿಸಬಹುದು.

ಅಭ್ಯಾಸ ಬೇರೂರಲು ಎಷ್ಟು ಕಾಲ ಬೇಕು? ಲಂಡನ್ನಿನ ಸಂಶೋಧಕರು 96 ಮಂದಿ ಸ್ವಯಂಸೇವಕರನ್ನು ಗಮನಿಸಿ, ಇದಕ್ಕೆ 18ರಿಂದ 254 ದಿನಗಳವರೆಗೆ ಹಿಡಿಯಬಹುದೆಂದೂ ಮಧ್ಯಮ ಕಾಲ 66 ದಿನಗಳೆಂದೂ ಅಂದಾಜು ಮಾಡಿದರು. ಪ್ರತಿದಿನ ಅದೇ ಹೊತ್ತು, ಅದೇ ಸ್ಥಳ, ಅದೇ ಸೂಚನೆ ದೊರೆತರೆ ಅಭ್ಯಾಸ ಗಟ್ಟಿಯಾಗುತ್ತದೆ.

61 ದಿನಗಳ ಪರೀಕ್ಷೆ

ಈ ಸೂಚನೆಯ ಮಹತ್ವವನ್ನು ಅರಿಯಲು ತದಡಿಯವರಿಗೆ ಪ್ರಯೋಗಶಾಲೆ ಬೇಡ. ಮೀನುಗಳು ಮರಿಮಾಡುವ ಮಳೆಗಾಲದಲ್ಲಿ ಯಾಂತ್ರಿಕ ದೋಣಿಗಳಿಗೆ ಕಡಲು ಮುಚ್ಚುತ್ತದೆ. ಇತ್ತೀಚಿನ ವರ್ಷಗಳಲ್ಲಿ ಕರ್ನಾಟಕದ ಕರಾವಳಿಯಲ್ಲಿ ಈ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ. ದೋಣಿಯ ಹೊತ್ತು, ದೋಣಿಯ ಜೊತೆ, ದೋಣಿಯ ಊಟ ಎಲ್ಲವೂ ನಿಲ್ಲುತ್ತವೆ. ಆಗ ಏನಾಗುತ್ತದೆಂದು ನಾವು ಆ ವೃದ್ಧರನ್ನು ಕೇಳಿದೆವು. ನಸುಕಿನಲ್ಲಿ ಏಳುವುದು ಎರಡು ವಾರದಲ್ಲಿ ತಪ್ಪಿಹೋಗುತ್ತದೆ, ಬಲೆ ಎಳೆದ ಮೇಲಿನ ಚಹದ ನೆನಪೂ ಆಗುವುದಿಲ್ಲ ಎಂದರು. ಕವಳ? ಅವರು ಸಂಚಿಯನ್ನು ತಟ್ಟಿ, ಅದಕ್ಕೆ ಮಳೆಗಾಲ, ಬೇಸಗೆ ಎಂಬ ಭೇದವಿಲ್ಲವೆಂದರು.

ಒಬ್ಬರ ಮಾತು ಪ್ರಮಾಣವಾಗಲಾರದು. ಆದರೆ ಆ ಮಾತಿನಲ್ಲಿರುವ ವಿಚಾರವನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದ ಪ್ರಸಂಗವೊಂದುಂಟು. ವಿಯಟ್ನಾಮ್ ಯುದ್ಧದಿಂದ ಮರಳಿದ ಅಮೆರಿಕದ ಸೈನಿಕರನ್ನು ಲೀ ರಾಬಿನ್ಸ್ ಎಂಬ ವಿದುಷಿಯು 1970ರ ದಶಕದಲ್ಲಿ ಅಧ್ಯಯನ ಮಾಡಿದರು. ಅಲ್ಲಿದ್ದಾಗ ಸುಮಾರು ಐವರಲ್ಲಿ ಒಬ್ಬನು ಹೆರಾಯಿನ್ ಮೊದಲಾದ ಅಫೀಮಿನ ಜಾತಿಯ ಪದಾರ್ಥಗಳ ವಶನಾಗಿದ್ದನು. ಊರಿಗೆ ಬಂದ ಮೊದಲ ವರ್ಷದಲ್ಲಿ ಹಾಗೆ ವಶರಾಗಿದ್ದವರ ಪೈಕಿ ಶೇಕಡ 5ರಷ್ಟು ಮಂದಿ ಮಾತ್ರ ಮತ್ತೆ ಅದಕ್ಕೆ ದಾಸರಾದರು. ಅಷ್ಟು ಪ್ರಬಲವಾದ ಪದಾರ್ಥದ ಹಿಡಿತವೂ ಪರಿಸರವನ್ನು ಎಷ್ಟೊಂದು ಅವಲಂಬಿಸಿದೆ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಾಗಿಲ್ಲ. ಸಂಚಿಯು ಮಾತ್ರ ದೋಣಿಯಲ್ಲಿಯೂ ಮನೆಯಲ್ಲಿಯೂ ಜೊತೆಗೇ ಇರುತ್ತದೆ. ಅದರ ಸೂಚನೆಗೆ ರಜೆಯಿಲ್ಲ.

ಚಹದ ಲೋಟ

ಈಗ ನಮ್ಮ ಕೈಯಲ್ಲಿದ್ದ ಲೋಟದ ವಿಚಾರಣೆ. ಚಹ ಕಾಫಿಗಳಲ್ಲಿರುವ ಕೆಫೀನನ್ನು ಜರ್ಮನಿಯ ರುಂಗೆ ಎಂಬ ರಸಾಯನಜ್ಞನು 1819ರಲ್ಲಿ ಬೇರ್ಪಡಿಸಿದನು. ಎಚ್ಚರವಾಗಿದ್ದಷ್ಟು ಹೊತ್ತು ನಮ್ಮ ಮಿದುಳಿನಲ್ಲಿ ಅಡಿನೊಸಿನ್ ಎಂಬ ವಸ್ತು ಸಂಗ್ರಹವಾಗುತ್ತ, ತನಗೆಂದೇ ಇರುವ ಗ್ರಾಹಕಗಳನ್ನು ಹಿಡಿದು 'ಇನ್ನು ಮಲಗು' ಎಂಬ ಸಂದೇಶವನ್ನು ಕೊಡುತ್ತದೆ. ಕೆಫೀನ್ ಆ ಗ್ರಾಹಕಗಳನ್ನು ಮೊದಲೇ ಆಕ್ರಮಿಸಿ ಸಂದೇಶವನ್ನು ತಡೆಯುತ್ತದೆ. ದಣಿವು ಹೋಗಿರುವುದಿಲ್ಲ, ದಣಿವಿನ ಸುದ್ದಿ ಬಂದಿರುವುದಿಲ್ಲ ಅಷ್ಟೆ.

ದಿನವೂ ಕುಡಿದರೆ ಮಿದುಳು ಈ ತಡೆಗೆ ಹೊಂದಿಕೊಳ್ಳುತ್ತದೆ. ಹೊಂದಿಕೊಂಡವರು ತಟ್ಟನೆ ಬಿಟ್ಟರೆ 12ರಿಂದ 24 ಗಂಟೆಗಳೊಳಗೆ ತಲೆನೋವು, ಮಂಕು, ಸಿಡುಕು ಕಾಣಿಸಿಕೊಳ್ಳಬಹುದು. ಎರಡು ದಿನಗಳಲ್ಲಿ ಅದು ಶಿಖರವನ್ನು ಮುಟ್ಟಿ, ಸಾಮಾನ್ಯವಾಗಿ ಒಂದು ವಾರದ ಸುಮಾರಿಗೆ ಇಳಿಯುತ್ತದೆ. ಏಕಾದಶಿಯಂದು ನಿಟ್ಟುಪವಾಸ ಮಾಡುವವರ ಸಂಜೆಯ ತಲೆನೋವಿನಲ್ಲಿ ಹಸಿವಿನ ಪಾಲೆಷ್ಟೋ ಕಾಫಿಯ ಪಾಲೂ ಇರುವುದುಂಟು. 1957ರ ಗೆರೆಯ ಪ್ರಕಾರ ದೇಹಕ್ಕೆ ಬಾಧೆ ಕೊಡುವುದು ವ್ಯಸನದ ಲಕ್ಷಣ. ಹಾಗಾದರೆ ಚಹ ಕುಡಿಯುವವರೆಲ್ಲ ವ್ಯಸನಿಗಳೇ? ಆ ಗೆರೆ ಏಕೆ ನಿಲ್ಲಲಿಲ್ಲ ಎಂಬುದು ಈಗ ಅರ್ಥವಾಗುತ್ತದೆ.

ಈ ಹಿಡಿತದಿಂದ ಆಗುವ ಹಾನಿಯಾದರೋ ಅಲ್ಪ. ಒಂದು ಲೋಟ ಚಹದಲ್ಲಿ ಸಾಮಾನ್ಯವಾಗಿ 30ರಿಂದ 50 ಮಿಲಿಗ್ರಾಮ್ ಕೆಫೀನ್ ಇರುತ್ತದೆ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಮ್‌ವರೆಗೆ ಅಪಾಯವಿಲ್ಲವೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2015ರಲ್ಲಿ ಅಭಿಪ್ರಾಯಪಟ್ಟಿತು. ಎಳೆಯರಿಗೆ ಅದು ಹೇಳಿದ ಮಿತಿ ದೇಹತೂಕದ ಪ್ರತಿ ಕಿಲೋಗ್ರಾಮಿಗೆ 3 ಮಿಲಿಗ್ರಾಮ್, ಎಂದರೆ 50 ಕಿಲೋ ತೂಗುವ ವಿದ್ಯಾರ್ಥಿಗೆ 150. ದೇಹಕ್ಕೆ ಸೇರಿದ ಕೆಫೀನಿನಲ್ಲಿ ಅರ್ಧ ಕರಗಲು ಸುಮಾರು 5 ಗಂಟೆ ಬೇಕು. ಪರೀಕ್ಷೆಯ ಹಿಂದಿನ ರಾತ್ರಿ ಲೋಟದ ಮೇಲೆ ಲೋಟ ಏರಿಸುವವರು ಇದನ್ನು ನೆನೆದರೆ ಸಾಕು.

ಕವಳದ ಸಂಚಿ

ಕವಳದ ಲೆಕ್ಕ ಇದಕ್ಕೆ ತೀರ ವಿರುದ್ಧವಾದುದು. ಅದರ ಒಂದೊಂದು ಪದಾರ್ಥವೂ ನಮ್ಮ ಸುತ್ತಲಿನದೇ. ಅಡಿಕೆ ಕುಮಟಾ, ಹೊನ್ನಾವರ, ಶಿರಸಿಗಳ ತೋಟದ್ದು. ಸುಣ್ಣಕ್ಕೆ ಬೇಕಾದ ಚಿಪ್ಪು ಅಘನಾಶಿನಿಯ ಅಳಿವೆಯಲ್ಲೇ ಹೇರಳ. ಚಿಪ್ಪನ್ನು ಸುಟ್ಟು ನೀರು ಹಾಕಿ ಅರಳಿಸಿದರೆ ದೊರೆಯುವ ಸುಣ್ಣವು ತೀಕ್ಷ್ಣವಾದ ಕ್ಷಾರ.

ಅಡಿಕೆಯಲ್ಲಿ ಅರೆಕೊಲಿನ್ ಎಂಬ ಆಲ್ಕಲಾಯ್ಡ್ ಇದೆ. ಸುಣ್ಣದ ಕ್ಷಾರದಲ್ಲಿ ಇಂಥ ಆಲ್ಕಲಾಯ್ಡುಗಳು ವಿದ್ಯುದಂಶವನ್ನು ಕಳೆದುಕೊಂಡು ಬಾಯಿಯ ಒಳಪೊರೆಯನ್ನು ಸುಲಭವಾಗಿ ದಾಟುತ್ತವೆ. ಹೊಗೆಸೊಪ್ಪನ್ನು ಸೇರಿಸಿದರೆ ಅದರ ನಿಕೋಟಿನಿಗೂ ಇದೇ ಅನುಕೂಲ ದೊರೆಯುತ್ತದೆ. ಅರೆಕೊಲಿನ್ ನರಗಳ ಮೇಲಿನ ಅಸಿಟೈಲ್‌ಕೋಲಿನ್ ಗ್ರಾಹಕಗಳನ್ನು ಪ್ರಚೋದಿಸುವುದರಿಂದ ಬಾಯಲ್ಲಿ ನೀರೂರುತ್ತದೆ, ಮೈ ಬೆಚ್ಚಗಾಗುತ್ತದೆ, ಹಣೆ ಬೆವರುತ್ತದೆ, ಮನಸ್ಸು ಚುರುಕಾಗುತ್ತದೆ. ಗಾಳಿಮಳೆಯಲ್ಲಿ ಬಲೆ ಎಳೆಯುವವರಿಗೆ ಇದು ಸಣ್ಣ ಸಹಾಯವಲ್ಲ. ನಿಕೋಟಿನ್ ಹಿಡಿಯುವ ಕೆಲವು ಗ್ರಾಹಕಗಳನ್ನೇ ಅರೆಕೊಲಿನ್ ಕೂಡ ಹಿಡಿಯುತ್ತದೆ ಎಂಬುದು 2015ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದುಬಂದಿತು. ತಂಬಾಕಿಲ್ಲದ ಕವಳವನ್ನೂ ಬಿಡುವುದು ಏಕೆ ಕಷ್ಟವೆಂಬುದಕ್ಕೆ ಇದರಲ್ಲಿ ಒಂದು ಸುಳಿವುಂಟು.

ಇಷ್ಟಾದರೂ ಕವಳದ ಹಿಡಿತ ಮೇಲುನೋಟಕ್ಕೆ ಮೃದು. ಅದನ್ನು ಹಾಕಿಕೊಂಡವರು ಅಮಲೇರಿ ತೂರಾಡುವುದಿಲ್ಲ, ಮನೆ ಮಾರುವುದಿಲ್ಲ. ಅತಿಥಿಗೆ ಮೊದಲು ಚಾಚುವುದು ಕವಳದ ಬಟ್ಟಲನ್ನೇ. ಮದುವೆ ಮುಗಿಯುವುದು ತಾಂಬೂಲದಿಂದಲೇ. ಆದುದರಿಂದ ಇದನ್ನು ಚಟವೆನ್ನಲು ನಾಲಿಗೆ ಏಳುವುದಿಲ್ಲ. ಅಡಿಕೆಯ ನಾಡಿನಲ್ಲಿ ಇದನ್ನು ಬರೆಯುವುದು ಸುಲಭವೂ ಅಲ್ಲ. ಆದರೆ ಮುಚ್ಚಿಡುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ತಂಬಾಕು ಬೆರೆಸದ ಕವಳವೂ ಬರಿಯ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತವೆಂದು ನಿರ್ಣಯಿಸಿತು.

ಕ್ಯಾನ್ಸರಿಗೆ ಮುಂಚೆ ಇನ್ನೊಂದು ವ್ಯಾಧಿ ಬರುವುದುಂಟು. 1950ರ ದಶಕದ ಆರಂಭದಲ್ಲಿ ವೈದ್ಯರು ಗುರುತಿಸಿದ ಇದಕ್ಕೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂದು ಹೆಸರು. ಅಡಿಕೆಯ ಅಂಶಗಳ ಪ್ರಭಾವದಿಂದ ಕೆನ್ನೆಯ ಒಳಪೊರೆಯ ಕೆಳಗೆ ಕೊಲಾಜನ್ ನಾರು ಅತಿಯಾಗಿ ಬೆಳೆದು, ಕರಗದೆ, ಗಟ್ಟಿಯಾಗುತ್ತದೆ. ಮೊದಲು ಖಾರ ತಿಂದರೆ ಉರಿ. ಬಳಿಕ ಒಳಗೆನ್ನೆ ಬಿಳಿಚಿಕೊಂಡು ಬಿಗಿಯುತ್ತದೆ. ಕೊನೆಗೆ ಬಾಯಿಯೇ ತೆರೆಯದಾಗುತ್ತದೆ. ವಾಚಕರು ತಮ್ಮ ಮೂರು ಬೆರಳುಗಳನ್ನು ಜೋಡಿಸಿ, ಒಂದರ ಮೇಲೊಂದು ನಿಲ್ಲುವಂತೆ ಹಲ್ಲುಗಳ ನಡುವೆ ಇಟ್ಟು ನೋಡಬಹುದು. ಆರೋಗ್ಯವಂತರಿಗೆ ಮೂರೂ ಸಾಮಾನ್ಯವಾಗಿ ಹಿಡಿಸುತ್ತವೆ. ಕವಳವನ್ನೋ ಅಡಿಕೆಯ ಪೊಟ್ಟಣಗಳನ್ನೋ ಬಳಸುವವರಿಗೆ ಎರಡೇ ಹಿಡಿಸಿದರೆ ದಂತವೈದ್ಯರನ್ನು ಕಾಣುವುದರಲ್ಲಿ ತಡಮಾಡಬಾರದು. ಒಮ್ಮೆ ಕಟ್ಟಿದ ನಾರನ್ನು ಪೂರ್ತಿ ಬಿಡಿಸುವುದು ಬಹಳ ಕಷ್ಟ. ಮೊದಲೇ ನಿಲ್ಲಿಸುವುದು ಸಾಧ್ಯ.

ಅಜ್ಜನ ಸಂಚಿಗೂ ಮೊಮ್ಮಗನ ಪೊಟ್ಟಣಕ್ಕೂ ಇರುವ ವ್ಯತ್ಯಾಸವನ್ನೂ ಇಲ್ಲಿ ಹೇಳಬೇಕು. ಎಲೆ ಒರಸಿ, ಸುಣ್ಣ ಸವರಿ, ಅಡಿಕೆ ಕತ್ತರಿಸಿ ಮಡಿಸುವುದಕ್ಕೆ ಹೊತ್ತು ಬೇಕು. ಆ ಹೊತ್ತೇ ಒಂದು ಕಡಿವಾಣ. ಪೊಟ್ಟಣವನ್ನು ಹರಿದು ಬಾಯಿಗೆ ಸುರಿಯುವುದಕ್ಕೆ ಕ್ಷಣ ಸಾಕು. ಕರ್ನಾಟಕವು 2013ರಲ್ಲಿ ಗುಟ್ಕಾವನ್ನು ನಿಷೇಧಿಸಿತು. ಆದರೆ ಅಡಿಕೆಯನ್ನೂ ತಂಬಾಕನ್ನೂ ಬೇರೆ ಬೇರೆಯಾಗಿ ಕೊಂಡು ಬೆರೆಸಿಕೊಳ್ಳುವ ಕೈಗೆ ಕಾನೂನು ಪೂರ್ತಿ ಅಡ್ಡಬರಲಾರದು.

ಗಾಳ ಮತ್ತು ಮೊಬೈಲು

ಗಾಳ ಹಾಕಿದ ಹುಡುಗನಲ್ಲಿಗೂ ಮೊಬೈಲಿನ ತರುಣನಲ್ಲಿಗೂ ಒಮ್ಮೆಗೇ ಬರೋಣ. ಅವರಿಬ್ಬರಿಗೂ ಒಂದು ಸಾಮ್ಯವಿದೆ. ಎಸೆದ ಗಾಳಕ್ಕೆಲ್ಲ ಮೀನು ಕಚ್ಚಿದರೆ ಮೀನು ಹಿಡಿಯುವುದು ಬರಿಯ ಕೆಲಸವಾಗುತ್ತಿತ್ತು. ಎಂದೂ ಕಚ್ಚದಿದ್ದರೆ ಯಾರೂ ಎಸೆಯುತ್ತಿರಲಿಲ್ಲ. ಯಾವಾಗ ಕಚ್ಚೀತೆಂದು ತಿಳಿಯದಿರುವುದೇ ದಾರಕ್ಕೆ ಕಣ್ಣನ್ನು ಕಟ್ಟಿಹಾಕುತ್ತದೆ. ಮನೋವಿಜ್ಞಾನಿಗಳಾದ ಫರ್ಸ್ಟರ್ ಮತ್ತು ಸ್ಕಿನ್ನರ್ 1957ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನೇ ಪ್ರಯೋಗಗಳಿಂದ ತೋರಿಸಿದರು. ಎಷ್ಟು ಸಲ ಕುಕ್ಕಿದರೆ ಕಾಳು ಬಿದ್ದೀತೆಂಬುದು ಅನಿಶ್ಚಿತವಾದಾಗ ಪಾರಿವಾಳಗಳು ಬಿಡುವಿಲ್ಲದೆ ಕುಕ್ಕುತ್ತಿದ್ದವು.

ಮೊಬೈಲಿನ ಪರದೆಯನ್ನು ಬೆರಳಿನಿಂದ ಸರಿಸುವುದೂ ಗಾಳ ಎಸೆಯುವುದೇ. ಒಮ್ಮೆ ಗೆಳೆಯನ ಸಂದೇಶ, ಒಮ್ಮೆ ನಗೆಯ ಚಿತ್ರ, ಹತ್ತು ಸಲ ಏನೂ ಇಲ್ಲ. ಇಲ್ಲಿ ಕೆಲಸಮಾಡುವ ಡೋಪಮೈನ್ ಎಂಬ ವಸ್ತು ಸುಖಕ್ಕಿಂತ ಹೆಚ್ಚಾಗಿ ನಿರೀಕ್ಷೆಗೆ ಸಂಬಂಧಿಸಿದ್ದು. ವುಲ್ಫ್ರಮ್ ಶುಲ್ಟ್ಸ್ 1990ರ ದಶಕದಲ್ಲಿ ಮಂಗಗಳ ಮೇಲೆ ಮಾಡಿದ ಪ್ರಯೋಗಗಳಲ್ಲಿ, ಹಣ್ಣಿನ ರಸ ಸಿಕ್ಕಾಗ ಮಿಡಿಯುತ್ತಿದ್ದ ಡೋಪಮೈನ್ ನರಕೋಶಗಳು, ರಸ ಬರುವ ಮುನ್ಸೂಚನೆಯನ್ನು ಕಲಿತ ಮೇಲೆ ಆ ಸೂಚನೆಗೇ ಮಿಡಿಯತೊಡಗಿದವು. ಗಾಳಕ್ಕೂ ಮೊಬೈಲಿಗೂ ಭೇದವೂ ಉಂಟು. ಇಳಿತ ಬಂದರೆ, ಕತ್ತಲಾದರೆ, ಹುಡುಗನು ದಾರ ಸುತ್ತಿಕೊಂಡು ಮನೆಗೆ ಹೋಗುತ್ತಾನೆ. ಪರದೆಯ ಕಡಲಿಗೆ ಇಳಿತವಿಲ್ಲ.

ಮೊಬೈಲು ನೋಡುವವರೆಲ್ಲ ರೋಗಿಗಳೆಂದು ಇದರಿಂದ ತಿಳಿಯಬಾರದು. 2022ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದಲ್ಲಿ ಆನ್‌ಲೈನ್ ಆಟಗಳ ಗೀಳಿಗೆ ಸ್ಥಾನವಿದೆ. ಆದರೆ ಅದಕ್ಕೆ ನಿಯಮಗಳು ಬಿಗಿ: ತಡೆದುಕೊಳ್ಳುವ ಶಕ್ತಿ ಕುಂದಿರಬೇಕು, ಉಳಿದೆಲ್ಲಕ್ಕಿಂತ ಆಟವೇ ಮೇಲಾಗಿರಬೇಕು, ಕೆಡುಕು ಕಂಡರೂ ಮುಂದುವರಿದಿರಬೇಕು, ಸಾಮಾನ್ಯವಾಗಿ ಇದೆಲ್ಲ 12 ತಿಂಗಳು ನಡೆದಿರಬೇಕು. ಅಂಥವರ ನೆರವಿಗಾಗಿ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿಯೇ ಒಂದು ಚಿಕಿತ್ಸಾಲಯವನ್ನು ತೆರೆಯಿತು.

ಎರಡು ಅಳತೆಗೋಲುಗಳು

ಇಷ್ಟು ವಿಚಾರ ಮಾಡಿದ ಮೇಲೆ ನಮಗೆ ತೋರುವುದಿದು. ಪ್ರತಿಯೊಂದು ಅಭ್ಯಾಸವನ್ನೂ ಎರಡು ಬೇರೆ ಬೇರೆ ಕೋಲುಗಳಿಂದ ಅಳೆಯಬೇಕು. ಒಂದು ಹಿಡಿತ, ಇನ್ನೊಂದು ಹಾನಿ. 'ಚಟ' ಎಂಬ ಒಂದೇ ಪದದಿಂದ ಎರಡನ್ನೂ ಅಳೆಯಲು ಹೋದುದರಿಂದಲೇ ಗೊಂದಲ ಬೆಳೆಯಿತು. ಚಹದಲ್ಲಿ ಹಿಡಿತ ಸ್ವಲ್ಪ ಉಂಟು, ಹಾನಿ ಕಡಿಮೆ. ಅದನ್ನು ಸೌಮ್ಯ ಚಟವೆಂದರೂ ಭಯಪಡಬೇಕಾದುದಿಲ್ಲ. ಕವಳದಲ್ಲಿ ಹಿಡಿತ ಮೃದುವಾಗಿ ಕಾಣುತ್ತದೆ, ಹಾನಿ ಘೋರ. ಅದನ್ನು ಬರಿಯ ರೂಢಿಯೆಂದರೂ ಸಮಾಧಾನಪಡುವಂತಿಲ್ಲ. ಮೊಬೈಲಿನಲ್ಲಿ ಹಿಡಿತವೇ ಹಾನಿಯ ದಾರಿ: ಅದು ನುಂಗಿದ ನಿದ್ರೆಯನ್ನೂ ಓದನ್ನೂ ಲೆಕ್ಕಹಾಕಿ ನೋಡಬೇಕು.

ಹಿಡಿತವನ್ನು ಅಳೆಯುವುದು ಸುಲಭ. ಒಂದು ವಾರ ಬಿಟ್ಟು ನೋಡಿರಿ. ಬಿಟ್ಟದ್ದೇ ನೆನಪಾಗದಿದ್ದರೆ ಅದು ರೂಢಿ. ನೆನಪಾಗಿಯೂ ತಡೆದುಕೊಳ್ಳಬಲ್ಲಿರಾದರೆ ಹಿಡಿತ ಸೌಮ್ಯ. ಮೂರನೆಯ ದಿನವೇ 'ಈ ವಾರ ಬೇಡ, ಮುಂದಿನ ವಾರ ನೋಡೋಣ' ಎಂಬ ನೆಪ ಹುಟ್ಟಿದರೆ, ಆ ನೆಪವೇ ನಿಮ್ಮ ಉತ್ತರ. ಹಾನಿಯನ್ನು ಮಾತ್ರ ಹೀಗೆ ನಮ್ಮ ಅನುಭವದಿಂದ ಅಳೆಯಲಾಗದು. ಅಡಿಕೆಯ ನಾರು ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಅದಕ್ಕೆ ವೈದ್ಯವಿಜ್ಞಾನದ ಮಾತನ್ನು ಕೇಳಬೇಕು.

ಬಿಡಬೇಕೆನ್ನುವವರಿಗೆ ಇಲಿಗಳ ಪ್ರಯೋಗದಲ್ಲಿ ಉಪಾಯವೂ ಇದೆ. ಹಳೆಯ ಅಭ್ಯಾಸ ಅಳಿಯದಾದರೂ ಅದನ್ನು ಎಬ್ಬಿಸುವ ಸೂಚನೆಯನ್ನು ದೂರಮಾಡಬಹುದು, ಅದೇ ಸೂಚನೆಗೆ ಬೇರೊಂದು ಕೆಲಸವನ್ನು ಗಂಟುಹಾಕಬಹುದು. ಊಟವಾದ ಮೇಲೆ ಕವಳದ ಬದಲು ಏಲಕ್ಕಿ. ಓದುವ ಹೊತ್ತಿನಲ್ಲಿ ಮೊಬೈಲು ಬೇರೆ ಕೋಣೆಯಲ್ಲಿ. ತದಡಿಯ ದೋಣಿಗಳು ದಡದಲ್ಲಿ ನಿಲ್ಲುವ 61 ದಿನಗಳು ಹೊಸ ಅಭ್ಯಾಸವೊಂದು ಬೇರೂರಲು ಬೇಕಾಗುವ ಕಾಲಕ್ಕೆ ಹತ್ತಿರ ಹತ್ತಿರ ಸಮವೆಂಬುದನ್ನು ಅಲ್ಲಿಯ ತರುಣರು ನೆನಪಿಡಲಿ.

ತಾರಿಯಿಂದ ಹಿಂದಿರುಗಿದಾಗ ಆ ವೃದ್ಧರು ಅಲ್ಲಿಯೇ ಇದ್ದರು. ಮೂರು ಬೆರಳುಗಳ ಪರೀಕ್ಷೆಯನ್ನು ನಾವು ಅವರಿಗೆ ಹೇಳಿದೆವು. ನಗುತ್ತಲೇ ಬೆರಳುಗಳನ್ನು ಬಾಯಿಗೆ ಇಟ್ಟುಕೊಂಡರು. ಎರಡು ಹೋದವು, ಮೂರನೆಯದು ಹೋಗಲಿಲ್ಲ. ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ. ಕುಮಟೆಯಲ್ಲಿ ಹಲ್ಲಿನ ವೈದ್ಯರು ಯಾವ ಹೊತ್ತಿಗೆ ಸಿಗುತ್ತಾರೆಂದು ಆಮೇಲೆ ಕೇಳಿದರು. ಪಕ್ಕದಲ್ಲಿದ್ದ ಕಾಲೇಜು ತರುಣನು ಮೊಬೈಲನ್ನು ತೆಗೆದು ಅದನ್ನು ಹುಡುಕಿಕೊಟ್ಟನು.